ತವರದ ಎಸಳು

ಮಾರ್ಚ್ ೧೧, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಕ್ಕ,

ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯದೆ ಕೂತಿದ್ದಕ್ಕೆ ಚೆನ್ನಾಗಿ ಬೈದುಬಿಡು. ಮಂಡಿನೋವು ನೆಪವಷ್ಟೇ, ಪೆನ್ನು ಹಿಡಿಯುವುದಕ್ಕೆ ಮಂಡಿ ಬೇಕಾಗಿಲ್ಲ. ಭಾವನ ಕಣ್ಣಿನ ಆಪರೇಷನ್ ಸುಸೂತ್ರವಾಯಿತೆಂದು ಓದಿ ಸಮಾಧಾನವಾಯಿತು. ಇಲ್ಲಿ ಔಷಧಿ ಅಂಗಡಿಯನ್ನು ನನ್ನ ಹೆಂಡತಿಯೇ ನೋಡಿಕೊಳ್ಳುತ್ತಾಳೆ. ನಾನು ಹಳೇ ಕ್ಯಾಲೆಂಡರಿನ ಹಾಗೆ ಗೋಡೆಗೆ ಒರಗಿರುತ್ತೇನೆ.

ಡಬ್ಬಿಗಳನ್ನೆಲ್ಲ ಮ್ಯೂಸಿಯಮ್ಮಿಗೆ ಕೊಟ್ಟುಬಿಡೋಣವೆಂದು ತೀರ್ಮಾನಿಸಿದೆ. ಮೂವತ್ತೆರಡು ವರ್ಷ ಹಳೇ ಸಾಮಾನಿನ ಅಂಗಡಿಗಳನ್ನು ಅಲೆದು ಕೂಡಿಸಿದ ನಲವತ್ತೊಂದು ಡಬ್ಬಿ. ಕಪ್ಪು ಲೋಹವನ್ನು ಕೊರೆದು ಬೆಳ್ಳಿ ಕೂರಿಸಿದವು, ಎರಡರಲ್ಲಿ ಚಿನ್ನವೂ ಇದೆ. ಹೋದ ವಾರ ಅಲ್ಲಿಂದ ಒಬ್ಬರು ಮೇಡಂ ಬಂದು ಊಟದ ಮೇಜಿನ ಮೇಲೆ ಬಟ್ಟೆ ಹಾಸಿ ಒಂದೊಂದನ್ನೇ ನೋಡಿದರು. ಎಂಟು ಮೂಲೆಯ ಡಬ್ಬಿ ಅವರ ಕೈಗೆ ಬಂದಾಗ ನಾನೇ ಹೇಳಿದೆ, "ಅದರ ಮುಚ್ಚಳದಲ್ಲಿ ಒಂದು ಎಸಳು ತವರದ್ದು. ಬೆಳ್ಳಿ ಕದ್ದು ಕೂರಿಸಿದ್ದು."

ಅವರು ಬಹಳ ಹೊತ್ತು ನೋಡಿದರು. "ಯಾರು ಸರ್ ಹಾಗಂದಿದ್ದು? ಇದು ಹಳೇ ರಿಪೇರಿ. ನೂರು ವರ್ಷದ ಹಿಂದೆ ಬೆಳ್ಳಿ ಉದುರಿರತ್ತೆ, ಯಾರೋ ಕೈಗೆ ಸಿಕ್ಕ ತವರ ಕೂರಿಸಿದಾರೆ. ನೋಡಿ, ಸಂದೀಲಿ ಗಟ್ಟಿಯಾಗಿರೋ ಕೊಳೆ ಬೆಳ್ಳಿ ಹತ್ರಾನೂ ಇದೆ, ತವರದ ಹತ್ರಾನೂ ಇದೆ. ಇದನ್ನ ಈಚೆಗೆ ಯಾರೂ ಕಿತ್ತಿಲ್ಲ."

ಒಳಗಿನಿಂದ ನನ್ನ ಹೆಂಡತಿ ಕೇಳಿಸಿಕೊಂಡಳು. ಅವತ್ತಿನಿಂದ ನನ್ನ ಹತ್ತಿರ ಮಾತಿಲ್ಲ.

ನಮ್ಮ ಗಿಡ್ಡ ಅದನ್ನೇ ಹೇಳಿದ್ದ, ಅಕ್ಕ. ನಮ್ಮ ಮೂವರಲ್ಲಿ ಕೈಕಸುಬು ಒಲಿದಿದ್ದು ಆ ಕಿರಿಯನಿಗೆ ಮಾತ್ರ. ವಾರವಿಡೀ ಬೆಳ್ಳಿ ಕಾರ್ಖಾನೆಯಲ್ಲಿ ದುಡಿದು, ಭಾನುವಾರ ಬಂದು ನನ್ನ ಡಬ್ಬಿಗಳನ್ನು ಉಜ್ಜಿಕೊಡುತ್ತಿದ್ದ. "ಅಣ್ಣಾ, ನಾನು ತೊಳೆದೆ, ಮಂಕು ಕಾಣಿಸ್ತು, ಅಷ್ಟೇ. ನಿನ್ನ ಬೆಳ್ಳಿ ತಗೊಂಡು ನಾನೇನ್ ಮಾಡ್ಲಿ?" ಎಂದ. ಅವನೇ ಕದ್ದನೆಂದು ನಾನು ಪೊಲೀಸರಿಗೆ ಬರೆದುಕೊಟ್ಟೆ. ಹನ್ನೊಂದು ದಿನ ಒಳಗಿಟ್ಟರು. ಸಾಕ್ಷಿಯಿಲ್ಲವೆಂದು ಬಿಟ್ಟರೂ ಕಾರ್ಖಾನೆಯವರು ಅವನ ಕೈಗೆ ಮತ್ತೆ ಬೆಳ್ಳಿ ಕೊಡಲಿಲ್ಲ. ಸಿಮೆಂಟ್ ಗೋದಾಮಿನಲ್ಲಿ ಮೂಟೆ ಹೊರಲು ಹೋದ. ಅಲ್ಲೇ ಕುಸಿದುಬಿದ್ದು ಸತ್ತ. ಅವನು ನಿನ್ನ ಮನೆಗೆ ಬಂದಾಗ ಬಾಗಿಲು ತೆಗೆಯಲಿಲ್ಲವೆಂದು ನೀನು ಈಗಲೂ ಕೊರಗುತ್ತೀಯ. ಕೊರಗಬೇಡ. ನೀನು ನನ್ನ ಮಾತು ನಂಬಿದೆ. ನನಗೂ ಗೊತ್ತಿರಲಿಲ್ಲ, ಗೊತ್ತಾಗಿದ್ದು ಹೋದ ವಾರ.

ಭಾವನಿಗೆ ನಮಸ್ಕಾರ. ನಿನ್ನ ಮೊಮ್ಮಕ್ಕಳಿಗೆ ಈ ಮುದುಕನ ಆಶೀರ್ವಾದ. ಒಬ್ಬರನ್ನೊಬ್ಬರು ಬಿಟ್ಟುಕೊಡದೆ ಬಾಳಲಿ.

ನಿನ್ನ ತಮ್ಮ,
ದೊಡ್ಡೋನು

ವಿ.ಸೂ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಹೋದ ವಾರ ಗೊತ್ತಾಯಿತೆಂಬುದು ಸುಳ್ಳು. ಪೊಲೀಸರು ಗಿಡ್ಡನನ್ನು ಬಿಟ್ಟ ಎರಡು ತಿಂಗಳಿಗೆ, ಹಳೇ ಹರಾಜಿನ ಪುಸ್ತಕವೊಂದರಲ್ಲಿ ನನಗೆ ಅದೇ ಡಬ್ಬಿಯ ಫೋಟೊ ಸಿಕ್ಕಿತು. ನಾನು ಕೊಳ್ಳುವುದಕ್ಕೆ ಇಪ್ಪತ್ತು ವರ್ಷ ಮೊದಲಿನದು. ಆ ಎಸಳು ಆಗಲೇ ಮಂಕಾಗಿತ್ತು. ಪುಟ ಹರಿದು ಒಲೆಗೆ ಹಾಕಿದೆ. ಬೇರೆಯವರ ಬಾಯಿಂದ ಬಂದರೆ ನಿನಗೆ ಹೇಳುವುದು ಸುಲಭವಾದೀತೆಂದು ಈಗ ಆ ಮೇಡಂ ಅವರನ್ನು ಕರೆಸಿದೆ. ಪುಟ ಸುಟ್ಟ ಮೇಲೆ ಅವನು ಹದಿನಾಲ್ಕು ತಿಂಗಳು ಬದುಕಿದ್ದ, ನಮ್ಮ ಮನೆಯಿಂದ ಎರಡು ಬಸ್ ಸ್ಟಾಪ್ ಆಚೆ.