ಬಂಗುಡೆಯ ಮೊದಲ ಕೋಲು

ಡಿಸೆಂಬರ್ 2, 2024. ಬೆಳಿಗ್ಗೆ 6.20

ತುಳಸಿಗೆ ಮೂರು ಸುತ್ತು ಬಂದದ್ದಾಯಿತು. ಹಿಂದೆ ಬಂಗುಡೆಯೂ ಮೂರು ಸುತ್ತು, ಬಾಲ ಎತ್ತಿಕೊಂಡು. ದಿವಾ ಸ್ಟೇಶನ್ನಿನ ಹೊರಗೆ ಬಂಗುಡೆ ಮೀನಿನ ಚೀಲ ಹಿಡಿದು ನಿಂತಿದ್ದ ನನ್ನ ಹಿಂದೆಯೇ ರಿಕ್ಷಾ ಹತ್ತಿ ಕೂತ ಬೀದಿನಾಯಿ. ಎರಡು ವರ್ಷದಲ್ಲಿ ಎಷ್ಟು ಭಕ್ತಿ ಬಂದಿದೆ!

ನಿನ್ನೆ ಹಿತೇಶ್ ಬಂದಿದ್ದ. ಮತ್ತೆ ಅದೇ ರಾಗ. ಹೋದ ತಿಂಗಳು ಬಂಗುಡೆ ಎಳೆದ, ನಾನು ಬಿಲ್ಡಿಂಗ್ ಬಾಗಿಲಿನ ಮೆಟ್ಟಿಲಲ್ಲಿ ಬಿದ್ದೆ. ಅದನ್ನೇ ಹಿಡಿದುಕೊಂಡು ಕೂತಿದ್ದಾನೆ.

"ಅಮ್ಮ, ಅವನಿಗೆ ಓಡಲು ಜಾಗ ಬೇಕು. ನಿನ್ನ ಸೊಂಟ ಮುರಿದರೆ ಯಾರು ನೋಡುವುದು? ಬದ್ಲಾಪುರದಲ್ಲಿ ಒಬ್ಬರ ಫಾರ್ಮ್ ಉಂಟು, ಮಾತಾಡಿದ್ದೇನೆ."

ಮಾತಾಡಿದ್ದಾನಂತೆ. ನಾಯಿ ನನ್ನದು. ಸೊಂಟವೂ ನನ್ನದು.

ಡಿಸೆಂಬರ್ 4

ನಾಯಿ ಡಾಕ್ಟರ್ ಹೇಳಿದರು — ಇವನಿಗೆ ಕಾಲಿಗೂ ತಲೆಗೂ ಕೆಲಸ ಬೇಕು, ಅಜಿಲಿಟಿ ಮಾಡಿಸಿ. ಮೊಮ್ಮಗಳು ದಿಶಾ ಮೊಬೈಲಿನಲ್ಲಿ ವಿಡಿಯೊ ಕಳಿಸಿದಳು. ನಾಯಿಗಳು ಅಡ್ಡಕೋಲು ಹಾರುತ್ತವೆ, ಕೊಳವೆಯೊಳಗೆ ನುಸುಳುತ್ತವೆ, ಸಾಲಾಗಿ ನೆಟ್ಟ ಕೋಲುಗಳ ನಡುವೆ ಹಾವಿನಂತೆ ಸರಿಯುತ್ತವೆ. ಚೆಂದ.

ಒಂದು ಕ್ಲಬ್ಬಿಗೆ ಫೋನ್ ಮಾಡಿದೆ. ಸಾಮಾನಿನ ರೇಟ್ ಕೇಳಿ ಕೂತುಬಿಟ್ಟೆ. ದೇಸಿ ನಾಯಿಗಳಿಗೆ ಇದೆಲ್ಲ ಬರುವುದಿಲ್ಲ ಆಂಟಿ ಎಂದ ಬೇರೆ. ನೋಡೋಣ.

ಹಿತೇಶನ ಜೊತೆ ಒಂದು ಒಪ್ಪಂದ ಮಾಡಿಕೊಂಡೆ. ಜನವರಿ 19ಕ್ಕೆ ಖಾರ್ಘರ್‌ನಲ್ಲಿ ಡಾಗ್ ಶೋ, ಅಜಿಲಿಟಿ ಸ್ಪರ್ಧೆಯೂ ಉಂಟು. ಅಲ್ಲಿ ಬೇರೆ ನಾಯಿಗಳ ನಡುವೆ, ಬೆಲ್ಟ್ ಇಲ್ಲದೆ, ಬಂಗುಡೆ ನನ್ನ ಮಾತು ಕೇಳಿದರೆ ಇಲ್ಲಿಯೇ ಇರುತ್ತಾನೆ. ಕೇಳದಿದ್ದರೆ ಬದ್ಲಾಪುರ.

ಡಿಸೆಂಬರ್ 8

ಗ್ರೌಂಡ್ ಫ್ಲೋರಿನ ಮನೆಯ ಉಪಯೋಗ ಈಗ ಗೊತ್ತಾಯಿತು. ಹಿಂದಿನ ಸಂದಿಯೇ ನನ್ನ ಮೈದಾನ. ಅಡ್ಡಕೋಲಿಗೆಂದು ಕಲ್ಯಾಣದ ಪ್ಲಂಬಿಂಗ್ ಅಂಗಡಿಯಿಂದ ಪಿವಿಸಿ ಪೈಪು, ಎಲ್ಬೋ, ಅಂಟಿಸುವ ಸೊಲ್ಯೂಶನ್ ತಂದೆ. ಎಷ್ಟು ಬಾತ್‌ರೂಮ್ ಮೇಡಂ ಎಂದು ಅಂಗಡಿಯವನು ಕೇಳಿದ. ನಾಯಿಗೆ ಎಂದೆ. ತಲೆ ಬಗ್ಗಿಸಿ ಬಿಲ್ ಬರೆದ.

ಸಾಲುಕೋಲಿಗೆ ಆರು ಹಳೆಯ ಪೊರಕೆ ಹಿಡಿ, ಮರಳು ತುಂಬಿದ ಎಣ್ಣೆ ಡಬ್ಬಗಳಲ್ಲಿ. ನಿಲ್ಲುವ ಕಟ್ಟೆಗೆ ಹಳೆಯ ಟೀಪಾಯಿ, ಮೇಲೆ ಜಾರದ ಹಾಗೆ ಬಾತ್‌ರೂಮ್ ಮ್ಯಾಟ್. ರಬಾಳೆಯಲ್ಲಿ ಹಿತೇಶನ ಕಂಪನಿ ಪಕ್ಕ ಶರಬತ್ತು ತುಂಬಿ ಬಂದ ಖಾಲಿ ನೀಲಿ ಡ್ರಮ್‌ಗಳು ಸಿಗುತ್ತವೆ. ಎರಡು ತರಲು ಹೇಳಿದೆ, ನೀರು ತುಂಬಿಡಲು ಎಂದೆ. ಪಾಪ, ಕಾರಿನ ಹಿಂದೆ ಹಗ್ಗ ಕಟ್ಟಿ ತಂದುಕೊಟ್ಟ. ಅವನು ಹೋದ ಮೇಲೆ ಎರಡರ ತಳವನ್ನೂ ಮುಚ್ಚಳವನ್ನೂ ಕೊಯ್ಯಿಸಿದೆ. ಕೊಳವೆ ಸಿದ್ಧ.

ಡಿಸೆಂಬರ್ 11

ಹಾರಿದ! ಎರಡು ಸಲ!

ಡಿಸೆಂಬರ್ 27

ಇಷ್ಟು ದಿನ ಬರೆಯಲು ಮುಖವಿರಲಿಲ್ಲ. ಗಟ್ಟಿ ಇರಲಿ ಎಂದು ಅಡ್ಡಪೈಪನ್ನೂ ಅಂಟು ಹಾಕಿ ಕೂರಿಸಿದ್ದೆ. ಮೂರನೆಯ ಸಲ ಬಂಗುಡೆಯ ಮುಂಗಾಲು ಬಡಿಯಿತು. ಪೈಪು ಬೀಳಲಿಲ್ಲ, ಅವನು ಬಿದ್ದ. ಕಾಲು ಊದಿತು. ಹತ್ತು ದಿನ ಹಿಂದಿನ ಬಾಗಿಲಿನ ಕಡೆಗೇ ಬರಲಿಲ್ಲ. ತಟ್ಟೆ ಇಟ್ಟರೆ ನನ್ನ ಮುಖ ನೋಡುತ್ತಿದ್ದ. ನನಗೆ ಅಳು ಬಂತು.

ಕಾಲು ತಾಗಿದರೆ ಪೈಪು ಬೀಳಬೇಕು. ಅದೇ ನಿಯಮವಂತೆ. ಕೊಯ್ದು ತೆಗೆದೆ. ಈಗ ಪೈಪು ಕೊಕ್ಕೆಯ ಮೇಲೆ ಸುಮ್ಮನೆ ಕೂತಿದೆ, ಮೊಣಕಾಲಿಗಿಂತ ಕೆಳಗೆ.

ಇವತ್ತು ತಾನಾಗಿಯೇ ಬಂದ. ಮೂಸಿದ. ದಾಟಿದ.

ಜನವರಿ 9, 2025. ಸಂಜೆ

ನನಗೆ ಓಡಲು ಆಗುವುದಿಲ್ಲ. ಒಂದೇ ಕಡೆ ನಿಂತು ಹೇಳುತ್ತೇನೆ, ತುಳುವಿನಲ್ಲಿ. ಲಾಗ್ — ಹಾರುತ್ತಾನೆ. ಕುಲ್ಲು — ಕೂರುತ್ತಾನೆ. ಬಲ — ಎಲ್ಲಿದ್ದರೂ ಬರುತ್ತಾನೆ. ಸಾಲುಕೋಲನ್ನಂತೂ ಕಲಿಸಬೇಕಾಗಲೇ ಇಲ್ಲ. ನಾನು ಮುಂದೆ ನಡೆದೆ, ತುಳಸಿ ಸುತ್ತಿದ ಹಾಗೆ ಹಿಂದೆ ಬಂದ. ಮೊದಲ ಕೋಲು ಬಲಗೈಗೆ. ಬೇರೆ ಹೇಗೆ ಸುತ್ತುತ್ತಾರೆ?

ಹಿತೇಶ್ ಫೋನ್. ಫಾರ್ಮಿನವರು 20ಕ್ಕೆ ಬರಬಹುದಂತೆ. ಬಂದು ಚಾ ಕುಡಿದು ಹೋಗಲಿ ಎಂದೆ.

ಜನವರಿ 19. ಸಂಜೆ 7

ಖಾರ್ಘರ್. ಸೋಪು ಹಾಕಿ ತೊಳೆದ ದೊಡ್ಡ ದೊಡ್ಡ ನಾಯಿಗಳು. ಬಂಗುಡೆಗೆ ನನ್ನ ಹಳೆಯ ಸೀರೆಯ ಅಂಚಿನ ಕೊರಳಪಟ್ಟಿ. ಬೆಲ್ಟ್ ಬಿಚ್ಚಿದೆ. ಹಗ್ಗದ ಆಚೆ ಹಿತೇಶ್ ಕೈಕಟ್ಟಿ ನಿಂತಿದ್ದ.

ಎರಡು ಹಾರಿದ. ಕೊಳವೆ ಹೊಕ್ಕು ಬಂದ. ಸಾಲುಕೋಲಿಗೆ ಹೋದ, ಮೊದಲ ಕೋಲನ್ನು ಬಲಕ್ಕೆ ಬಿಟ್ಟು ಚಕಚಕನೆ ಸರಿದ. ಜಡ್ಜ್ ಕೈ ಎತ್ತಿದಳು, ಸಂಜನಾ ಎಂಬ ಹುಡುಗಿ. ಮೊದಲ ಕೋಲು ನಾಯಿಯ ಎಡಭುಜಕ್ಕೆ ಇರಬೇಕಂತೆ. ಎಲ್ಲ ಕಡೆ ಹಾಗೆಯೇ ಅಂತೆ. ವಾಪಸ್ ಕರೆದು ಮತ್ತೆ ಬಿಟ್ಟೆ. ಮತ್ತೆ ಬಲಕ್ಕೆ. ಮೂರನೆಯ ಸಲವೂ ಪ್ರದಕ್ಷಿಣೆಯೇ. ಔಟ್ ಎಂದಳು.

ವಿಡಿಯೊ ಅಷ್ಟು ಸಲ ನೋಡಿದ್ದೆ. ಎಡ ಬಲ ನೋಡಿರಲಿಲ್ಲ.

ನಾಯಿಯನ್ನು ಕರೆದುಕೊಳ್ಳಿ ಆಂಟಿ ಎಂದಳು. ಬಾಕಿ ಇರುವುದನ್ನು ಮುಗಿಸಿಯೇ ಹೋಗುವುದು ಎಂದೆ. ತಪ್ಪು ನನ್ನದು, ಅವನಿಗೆ ಯಾಕೆ ಅರ್ಧದಲ್ಲಿ ನಿಲ್ಲಿಸುವ ಅವಮಾನ? ಅವಳು ನಕ್ಕು, ಆಗಲಿ ಎಂದು ತಲೆಯಾಡಿಸಿದಳು.

ಕೊನೆಗೆ ಕಟ್ಟೆ. ಬಂಗುಡೆ ಹತ್ತಿದ ಕ್ಷಣಕ್ಕೆ ಯಾರದೋ ಲ್ಯಾಬ್ರಡಾರ್ ಬೆಲ್ಟ್ ಹರಿದು ಮೈದಾನಕ್ಕೆ ನುಗ್ಗಿತು. ನೇರ ಇವನ ಮುಖಕ್ಕೇ ಬೊಗಳಿತು. ಇವನ ಬೆನ್ನಿನ ರೋಮ ನಿಂತಿತು. ನಾನು ಇಪ್ಪತ್ತು ಹೆಜ್ಜೆ ದೂರ, ಓಡಲಾರೆ.

"ಕುಲ್ಲು ಬಂಗುಡೆ," ಎಂದೆ. ಕೂಗಲಿಲ್ಲ.

ಕೂತ. ಆ ಲ್ಯಾಬ್ರಡಾರಿನ ಹಿಂದೆ ಮೂವರು ಓಡಾಡಿ ಹಿಡಿಯುವವರೆಗೂ ಕೂತೇ ಇದ್ದ. ಆಮೇಲೆ "ಬಲ, ಬಂಗುಡೆ," ಎಂದೆ. ಎಲ್ಲರನ್ನೂ ದಾಟಿ ಬಂದು ನನ್ನ ಸೀರೆಗೆ ಮೂತಿ ಒರೆಸಿದ. ಅಲ್ಲಿಯೇ ಅತ್ತುಬಿಟ್ಟೆ, ನಾಚಿಕೆಯಾಗಲಿಲ್ಲ.

ಕಾರಿನಲ್ಲಿ ವಾಪಸ್ ಹೊರಟೆವು. ಶಿಳ್‌ಫಾಟಾ ಟ್ರಾಫಿಕ್ಕಿನಲ್ಲಿ ಹಿತೇಶ್ ಫಾರ್ಮಿನವರಿಗೆ ಫೋನ್ ಮಾಡಿ ಬರಬೇಡಿ ಎಂದ. ಫೋನ್ ಕೆಳಗಿಟ್ಟು ಕೇಳಿದ —

"ಅಮ್ಮ, ಆ ನೀರಿನ ಡ್ರಮ್ ಎಲ್ಲಿ?"

ಕಿಟಕಿಯ ಆಚೆ ನೋಡಿದೆ.

ಜನವರಿ 20. ಬೆಳಿಗ್ಗೆ 6.45

ರಾತ್ರಿ ಹಿತೇಶ್ ಇಲ್ಲಿಯೇ ಉಳಿದ. ಈಗ ಹಿಂದಿನ ಸಂದಿಯಲ್ಲಿ ಸಾಲುಕೋಲಿನ ಡಬ್ಬ ಎಳೆಯುತ್ತಿದ್ದಾನೆ. ತುಳಸಿಗೆ ಬಲಕ್ಕೆ, ಕೋಲಿಗೆ ಎಡಕ್ಕೆ. ಎರಡೂ ಕಲಿಸುತ್ತೇನೆ. ಮುಂದಿನ ಶೋ ಮಾರ್ಚಿನಲ್ಲಿ, ದೇಸಿ ನಾಯಿಗೆ ಬರುವುದಿಲ್ಲ ಎಂದ ಆ ಕ್ಲಬ್ಬಿನದೇ. ಹೆಸರು ಕೊಟ್ಟಾಗಿದೆ.

ಹಿತೇಶ್ ಲಾಗ್ ಲಾಗ್ ಎಂದು ಕೂಗುತ್ತಿದ್ದಾನೆ. ಬಂಗುಡೆ ಕದಲುತ್ತಿಲ್ಲ. ಕಿಟಕಿಯ ಆಚೆಯಿಂದ ನನ್ನನ್ನೇ ನೋಡುತ್ತಿದ್ದಾನೆ. ಬಂದೆ ಮಗಾ, ಈ ಒಂದು ಸಾಲು ಮುಗಿಸಿ