ಮೂರನೆಯ ಬಾಯ್ಲರ್

ಸೋಮವಾರ, ಬೆಳಿಗ್ಗೆ ಹತ್ತು ಗಂಟೆ

ನನ್ನ ಬಾಯಿಬಡುಕಿ ಮಗಳಿಗೆ, ಅಮ್ಮ ಮಾಡುವ ಆಶೀರ್ವಾದ.

ಫೋನಿನಲ್ಲಿ ಹೇಳೋಣವೆಂದರೆ ನೀನು ನನ್ನನ್ನು ಮಾತಾಡಲು ಬಿಡುವವಳಲ್ಲ. ಅದಕ್ಕೇ ಈ ಕಾಗದ. ನಿಂತುಕೊಂಡು ಓದಬೇಡ, ಕೂತುಕೋ.

ನಮ್ಮ ದೇಶ ಎಷ್ಟು ಹೊಗೆ ಕಡಿಮೆ ಮಾಡಿದೆಯೆಂದು ಗುರುವಾರ ಹವಾಮಾನ ಸಮ್ಮೇಳನದಲ್ಲಿ ಅಷ್ಟು ದೇಶಗಳ ಮುಂದೆ ನೀನು ಓದಲಿರುವ ಅಂಕಿ ಸುಳ್ಳು. ಆ ಸುಳ್ಳು ಹುಟ್ಟಿದ್ದು ನನ್ನ ಕೈಯಿಂದ.

ನನ್ನ ಕೆಲಸ ನಿನಗೆ ಗೊತ್ತೇ ಇದೆ. ವಾರಕ್ಕೊಮ್ಮೆ ವಿದ್ಯುತ್ ಸ್ಥಾವರದ ಚಿಮಣಿಯ ಇನ್ನೂರ ಹದಿನಾರು ಮೆಟ್ಟಿಲು ಹತ್ತಿ, ಅದರ ತೂತಿಗೆ ಸಲಾಕೆ ತೂರಿಸಿ, ಎಷ್ಟು ಇಂಗಾಲದ ಅನಿಲ ಹೊರಹೋಗುತ್ತಿದೆಯೆಂದು ಅಳೆದು ಬರೆಯುವುದು. ನೀನು ಆರನೇ ಕ್ಲಾಸಿನಲ್ಲಿದ್ದಾಗ ಒಂದು ಬುಧವಾರ ನಿನಗೆ ಮೈ ಸುಡುವ ಜ್ವರ. ನಾನು ಮೆಟ್ಟಿಲು ಹತ್ತಲಿಲ್ಲ; ಹಿಂದಿನ ವಾರದ ಅಂಕಿಯನ್ನೇ ನಕಲು ಮಾಡಿ ಮನೆಗೆ ಓಡಿಬಂದೆ. ಹಿಂದಿನ ವಾರ ಮೂರನೆಯ ಬಾಯ್ಲರ್ ರಿಪೇರಿಗೆಂದು ಆರಿಸಿದ್ದರು, ಅದಕ್ಕೇ ಅಂಕಿ ಅಷ್ಟು ಕಡಿಮೆ ಬಂದಿತ್ತು ಎನ್ನುವುದು ಆಗ ತಲೆಗೇ ಹೊಳೆಯಲಿಲ್ಲ.

ಮರುದಿನ ತಪ್ಪೊಪ್ಪಿಕೊಳ್ಳಲು ಹೋದರೆ ಮ್ಯಾನೇಜರು ನಕ್ಕರು. "ಇನ್ಮೇಲೆ ಇದೇ ಇರ್ಲಿ ಬಿಡಿ ಮೇಡಂ, ಎಲ್ರಿಗೂ ಒಳ್ಳೇದು" ಅಂದರು. ನಾನು ಹೂಂ ಅಂದುಬಿಟ್ಟೆ. ಎರಡೇ ವರ್ಷದಲ್ಲಿ ನಮ್ಮದು ಮಾದರಿ ಸ್ಥಾವರವಾಯಿತು. ದೇಶದ ಉಳಿದ ಸ್ಥಾವರಗಳ ಲೆಕ್ಕವನ್ನೂ ಇದೇ ಅಂಕಿ ಹಿಡಿದು ಕಟ್ಟಿದರು.

ನಿನ್ನೆ ನೀನು ಬಂದವಳೇ ಗೀಸರ್ ಆರಿಸಿದೆ. "ಪಾತ್ರೆಗೆ ಮುಚ್ಚಳ ಮುಚ್ಚಮ್ಮಾ, ಎಷ್ಟು ಗ್ಯಾಸ್ ದಂಡ! ಅವರವರ ಪಾಲು ಅವರವರು ಮಾಡಿದ್ರೆ ದೇಶ ತಾನಾಗೇ ಸರಿಹೋಗುತ್ತೆ" ಅಂತ ಭಾಷಣ ಬೇರೆ. ನಾನು ತಲೆಯಾಡಿಸುತ್ತ ಮುಚ್ಚಳ ಹುಡುಕಿದೆ. ನನ್ನ ಪಾಲು ಯಾವುದೆಂದು ನನಗೊಬ್ಬಳಿಗೇ ಗೊತ್ತಿತ್ತು.

ಆ ಬುಧವಾರದ ನಂತರ ಒಂದು ವಾರವೂ ನಾನು ಹತ್ತದೆ ಇದ್ದದ್ದಿಲ್ಲ. ಕಚೇರಿಗೆ ಅವರ ಅಂಕಿ, ನನ್ನ ನೋಟ್‌ಬುಕ್ಕಿಗೆ ನಿಜವಾದದ್ದು. ಹೀಗೆ ಹದಿನೆಂಟು ವರ್ಷ. "ಏನಮ್ಮಾ, ಬ್ಯಾಗ್ ಇಷ್ಟು ಭಾರ?" ಅಂತ ನಿನ್ನೆ ಹೊರಡುವಾಗ ಗೊಣಗಿದೆಯಲ್ಲ, ಆ ಐದು ನೋಟ್‌ಬುಕ್ಕುಗಳೂ ನಿನ್ನ ಬ್ಯಾಗಿನ ತಳದಲ್ಲಿವೆ.

ನಿಜ ಓದಿದರೆ ನನ್ನ ಕೆಲಸ ಹೋಗುತ್ತದೆ, ಜೈಲೂ ಆಗಬಹುದು. ಸುಳ್ಳನ್ನೇ ಓದಿದರೆ ಇನ್ನು ಎಷ್ಟೋ ವರ್ಷ ಯಾರೂ ಯಾವ ಬಾಯ್ಲರನ್ನೂ ಆರಿಸುವುದಿಲ್ಲ. ಏನು ಮಾಡಬೇಕೆಂದು ನೀನೇ ತೀರ್ಮಾನಿಸು. ಈ ಕಾಗದ ಕೈಗೆ ಸಿಗಲೇ ಇಲ್ಲ ಅಂದರೂ ನಾನು ಬೇಸರ ಮಾಡಿಕೊಳ್ಳುವುದಿಲ್ಲ. ನನಗೆ ತುಂಬ ಭಯವಾಗುತ್ತಿದೆ ಕಣೇ.

ಇಂತಿ,
ಮುಚ್ಚಳ ಮುಚ್ಚಲು ಈಗ ಕಲಿಯುತ್ತಿರುವ
ನಿನ್ನ ಅಮ್ಮ

ಮರೆತ ಮಾತು: ಲಕೋಟೆ ಅಂಟಿಸುವ ಮೊದಲು ಇನ್ನೊಮ್ಮೆ ಓದಿಕೊಂಡೆ. ಅಂದು ನಿನ್ನ ಜ್ವರದ ನೆಪ ಹೇಳಿದೆ, ಇಂದು ಎಲ್ಲವನ್ನೂ ನಿನ್ನ ತಲೆಗೇ ಕಟ್ಟಲು ಹೊರಟಿದ್ದೇನೆ. ನಾಚಿಕೆಯಾಯಿತು. ಆದದ್ದೆಲ್ಲವನ್ನೂ ಬೇರೆ ಹಾಳೆಯಲ್ಲಿ ಬರೆದು, ಸಹಿ ಹಾಕಿ, ನಿಮ್ಮ ಇಲಾಖೆಯ ಕಾರ್ಯದರ್ಶಿಯವರ ಹೆಸರಿಗೂ ಕೊರಿಯರ್ ಮಾಡುತ್ತಿದ್ದೇನೆ. ನಾಳೆ ಎರಡೂ ಒಟ್ಟಿಗೆ ತಲುಪುತ್ತವೆ. ಇನ್ನು ನೀನು ನನ್ನನ್ನು ಹಿಡಿದುಕೊಡಬೇಕಾಗಿಲ್ಲ. ಗುರುವಾರ ಸರಿಯಾದ ಅಂಕಿ ಓದು, ಸಾಕು. ಓದುವಾಗ ದನಿ ನಡುಗದಿರಲಿ.