ನೀವು ಹೇಳಿ ನಾನು ಬರೆದ ನಾಲ್ಕನೇ ನಿಯಮ

ಪ್ರೀತಿಯ ಅತ್ತಿಗೆ,

ಕಳೆದ ಮಾರ್ಚ್ ತಿಂಗಳ ಎರಡನೇ ಭಾನುವಾರ, ಇಲ್ಲೇ ಸ್ವೀಡನ್ನಿನ ಲಿಂಕೋಪಿಂಗ್‌ನಲ್ಲಿ, ನಮ್ಮ ಕನ್ನಡ ಸಂಘದ ವಾರ್ಷಿಕ ಸಭೆ ನಿಮ್ಮನ್ನು ನೋಡಿಕೊಳ್ಳುತ್ತಿದ್ದ ನಸೀಬಾಳನ್ನು ಕೈಬಿಟ್ಟಿತು. ದೇಶ ಬಿಡಬೇಕೆಂಬ ಆದೇಶದ ವಿರುದ್ಧ ಅವಳು ಮೇಲ್ಮನವಿ ಹಾಕಿದ್ದಳು. ಸಂಘದ ಹೆಸರಿನಲ್ಲಿ ಒಂದು ಪುಟದ ಬೆಂಬಲ ಪತ್ರ ಕೊಡೋಣ ಎಂದು ನಾನು ಕೇಳಿದ್ದೆ. ಕೈ ಎತ್ತಿಸಿದರು. ಬೇಡ ಎನ್ನುವ ಕೈಗಳೇ ಹೆಚ್ಚಾದವು. ಅದಕ್ಕಿಂತ ಹೆಚ್ಚು ನನ್ನ ಹೊಟ್ಟೆ ಉರಿಸಿದ್ದು ಅವರು ಕೊಟ್ಟ ಕಾರಣ. ನಿಯಮಾವಳಿ ತೆರೆದು ನಾಲ್ಕನೇ ನಿಯಮವನ್ನು ಗಟ್ಟಿಯಾಗಿ ಓದಿದರು: "ಸಂಘವು ಯಾವುದೇ ರಾಜಕೀಯ ವಿಷಯದಲ್ಲಿ ತೊಡಗತಕ್ಕದ್ದಲ್ಲ." ಜೊತೆಗೆ, "ಇದು ಸುಮಿತ್ರಕ್ಕನೇ ಮಾಡಿಟ್ಟ ನಿಯಮ" ಎಂದು ನಿಮ್ಮ ಹೆಸರನ್ನೂ ಎಳೆದುತಂದರು. ನೀವು ತೀರಿಹೋಗಿ ಆಗ ಐದು ತಿಂಗಳು ಕೂಡ ತುಂಬಿರಲಿಲ್ಲ.

ನಸೀಬಾ ಮೊದಲ ಸಲ ನಿಮ್ಮ ಮನೆಗೆ ಬಂದ ಬೆಳಗ್ಗೆ ನೆನಪಿದೆಯಾ? ಅಣ್ಣ ಹೋದ ಮೇಲೆ ಒಬ್ಬರೇ ಇದ್ದಿರಿ. ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆಯಿಂದ ಬಂದಾಗ, ಸ್ನಾನ ಮಾಡಿಸಿ ಮಾತ್ರೆ ಕೊಡಲು ಕಮ್ಯೂನಿನವರು, ಅಂದರೆ ಇಲ್ಲಿನ ನಗರಸಭೆಯವರು, ಅವಳನ್ನು ಕಳಿಸಿದ್ದರು. ನೀವು ಮುಖ ಗಂಟು ಹಾಕಿಕೊಂಡು, "ನಂಗೆ ಯಾರೂ ಸ್ನಾನ ಮಾಡ್ಸೋದು ಬೇಡ ರಾಘು, ವಾಪಸ್ ಕಳ್ಸು" ಅಂದಿರಿ. ಅವಳಿಗೆ ಕನ್ನಡ ತಿಳಿಯದಿದ್ದರೂ ಧಾಟಿ ತಿಳಿಯಿತು. ಅಡುಗೆಮನೆಯ ಬಾಗಿಲಲ್ಲೇ ನಿಂತು ಗಾಳಿ ಮೂಸಿದಳು. ಇಂಗಿನ ಡಬ್ಬಿ ಮುಚ್ಚುವುದನ್ನು ನಾನು ಮರೆತಿದ್ದೆ. "ಇದು ನಮ್ಮ ಉಜ್ಬೇಕಿಸ್ತಾನದ ಬೆಟ್ಟದ್ದು!" ಎಂದು ಸ್ವೀಡಿಷ್‌ನಲ್ಲಿ ಕೂಗಿದಳು. "ನಾವು ಅಗೆದು ಮಾರ್ತೀವಿ, ಯಾರೂ ತಿನ್ನಲ್ಲ. ಇಷ್ಟು ನಾತದ್ದನ್ನ ಯಾರಪ್ಪಾ ತಿಂತಾರೆ ಅಂತ ಚಿಕ್ಕಂದಿನಿಂದ ಯೋಚ್ನೆ ಮಾಡ್ತಿದ್ದೆ." ನೀವು ನಕ್ಕುಬಿಟ್ಟಿರಿ. "ತಿನ್ನೋಳು ನಾನೇ ಕಣಮ್ಮ. ಸಿಕ್ಕಿಬಿದ್ದೆ. ಬಾ ಒಳಗೆ."

ಆಮೇಲಿನ ಎರಡು ವರ್ಷ ನಾನು ಬಂದಾಗಲೆಲ್ಲ ನಿಮ್ಮಿಬ್ಬರ ಜಗಳ ಕೇಳುವುದೇ ಒಂದು ಸಂತೋಷವಾಗಿತ್ತು. ಅವಳು "ಮಾತ್ರೆ, ಮಾತ್ರೆ" ಎಂದು ಹಿಂದೆ ಬೀಳುವುದು, ನೀವು "ಸಾಕು ಹೋಗೇ" ಅನ್ನುವುದು, ಅವಳೂ "ಸಾಕು ಹೋಗೇ" ಎಂದು ತಿರುಗಿಸುವುದು. ನಿಮ್ಮ ಕೊನೆಯ ವಾರ ಅವಳಿಗೆ ರಜೆ ಇತ್ತು. ಆದರೂ ದಿನಾ ಬಸ್ಸು ಹಿಡಿದು ಬಂದು ನಿಮ್ಮ ತಲೆ ಬಾಚಿದಳು. ನಾನು ಅಲ್ಲಿದ್ದೂ ಬಾಚಲು ಗೊತ್ತಾಗದೆ...

ಆದೇಶ ಬಂದದ್ದು ನೀವು ಹೋದ ಎರಡು ವಾರಕ್ಕೆ. ಗಂಡ ಅಲ್ಲಿನ ಸರ್ಕಾರದ ವಿರುದ್ಧ ಮಾತಾಡಿ ಜೈಲು ಸೇರಿದ ಮೇಲೆ ಅವಳು ಇಲ್ಲಿಗೆ ಬಂದು ಆಶ್ರಯ ಕೇಳಿದ್ದಳಲ್ಲ, ಸಿಕ್ಕಿರಲಿಲ್ಲ. ಆದರೆ ಕೆಲಸ ಹಿಡಿದವರು ಆ ಕೆಲಸದ ಆಧಾರದ ಮೇಲೆ ಉಳಿಯಬಹುದಿತ್ತು, ಹಾಗೇ ಉಳಿದಿದ್ದಳು. ಇಲ್ಲಿನ ಸರ್ಕಾರ ಆ ದಾರಿಯನ್ನೇ ಮುಚ್ಚಿತು. ಮುದುಕರನ್ನು ನೋಡಿಕೊಳ್ಳಲು ಜನವಿಲ್ಲ ಎಂದು ಒಂದು ಕಡೆ ಗೋಳಾಡುವ ದೇಶ ಇನ್ನೊಂದು ಕಡೆ ನೋಡಿಕೊಳ್ಳುವವರನ್ನೇ ಹೊರಗಟ್ಟುತ್ತದೆ. ಇದಕ್ಕೆ ಏನೆಂದು ಹೆಸರಿಡುತ್ತಿದ್ದಿರಿ ಅತ್ತಿಗೆ?

ನಾಲ್ಕನೇ ನಿಯಮ ಹುಟ್ಟಿದ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಶಾಲೆಯ ಹಾಲ್ ಬಾಡಿಗೆಗೆ ತೆಗೆದುಕೊಂಡು ರಾಜ್ಯೋತ್ಸವ ಮಾಡಿದ್ದೆವು. ಅಲ್ಲಿ ನಮ್ಮೂರ ಕಡೆಯ ಯಾವುದೋ ಚುನಾವಣೆಯ ಮಾತಿಗೆ ಇಬ್ಬರು ಗಂಡಸರು ಕೊರಳಪಟ್ಟಿ ಹಿಡಿದರು, ಸಾಂಬಾರಿನ ಸೌಟು ಹಾರಿತು, ಶಾಲೆಯ ಪಿಯಾನೊ ಹಳದಿಯಾಯಿತು. ನೀವು ಸೆರಗಿನಿಂದ ಅದನ್ನು ಒರೆಸುತ್ತಾ ಬೈದ ಬೈಗುಳ ಇಲ್ಲಿ ಬರೆಯುವಂತಿಲ್ಲ. ಮನೆಗೆ ಬಂದು, "ಬರ್ಕೋ ರಾಘು. ಊರಿನ ಪಾರ್ಟಿ ಜಗಳ ಸಂಘಕ್ಕೆ ತರಬಾರದು" ಅಂದಿರಿ. ಅಷ್ಟೇ ನೀವು ಹೇಳಿದ್ದು. ಅದನ್ನು "ಯಾವುದೇ ರಾಜಕೀಯ ವಿಷಯ" ಮಾಡಿದವನು ನಾನು. ನಿಯಮ ಎಂದರೆ ಕಾನೂನಿನ ಪುಸ್ತಕದ ಹಾಗೆ ಕಾಣಬೇಕೆಂಬ ಚಪಲ. ತಪ್ಪು ನನ್ನದು ಅತ್ತಿಗೆ. ಸಭೆಯಲ್ಲಿ ಇದನ್ನು ಸಮಾಧಾನವಾಗಿ ಹೇಳಬೇಕಿತ್ತು. ಅದರ ಬದಲು ಎದ್ದು ನಿಂತು ಎಲ್ಲರನ್ನೂ ಉಪಕಾರಗೇಡಿಗಳು ಎಂದೆ. ನಿಮಗೆ ಗೊತ್ತಲ್ಲ ನನ್ನ ಬಾಯಿ. ಬೇಕು ಎನ್ನಲಿದ್ದ ಒಂದೆರಡು ಕೈಗಳು ಆ ಮಾತಿಗೇ ಕೆಳಗಿಳಿದವು.

ಹತ್ತು ವರ್ಷದ ಹಿಂದಿನ ಆ ಶರತ್ಕಾಲವನ್ನು ಅವರು ಹೇಗೆ ಮರೆತರು? ರೈಲಿನ ಮೇಲೆ ರೈಲು, ಒಳಗೆ ಯುದ್ಧದಿಂದ ಓಡಿಬಂದ ಜನ. ನೀವು ದೊಡ್ಡ ಪಾತ್ರೆಯಲ್ಲಿ ಉಪ್ಪಿಟ್ಟು ಕೆದಕಿದಿರಿ, ಸಂಘದ ಹುಡುಗರು ಸ್ಟೇಷನ್ನಿಗೆ ಹೊತ್ತರು. ಆಗ ಯಾರೂ ನಾಲ್ಕನೇ ನಿಯಮ ಓದಲಿಲ್ಲ. ಪಾತ್ರೆಯ ಒಂದು ಕಿವಿ ಹಿಡಿದಿದ್ದವನು ಹೊಸದಾಗಿ ಬಂದಿದ್ದ ಹರೀಶ. ಈಗ ಅವನೇ ಸಂಘದ ಅಧ್ಯಕ್ಷ.

ಸಭೆ ಮುಗಿದ ಮೇಲೆ ಅವನು ಕೋಟು ಹಾಕಿಕೊಳ್ಳುತ್ತಾ ನನ್ನ ಹತ್ತಿರ ಬಂದ. "ಸರ್, ಬೇಜಾರು ಮಾಡ್ಕೋಬೇಡಿ. ನಮ್ಮಲ್ಲಿ ಅರ್ಧ ಜನ ಇನ್ನೂ ವರ್ಕ್ ಪರ್ಮಿಟ್ ಮೇಲಿದ್ದಾರೆ. ಸಂಘದ ಹೆಸರು ಎಲ್ಲೋ ಫೈಲಲ್ಲಿ ಸೇರ್ಕೊಂಡು ನಾಳೆ ಯಾರದ್ದಾದ್ರೂ ರಿನ್ಯೂವಲ್ ನಿಂತ್ರೆ? ನಿಮಗೇನು, ಸ್ವೀಡಿಷ್ ಪಾಸ್‌ಪೋರ್ಟ್ ಇದೆ." ಪಕ್ಕದಲ್ಲಿದ್ದ ಖಜಾಂಚಿ ದೀಪಾ ದನಿಗೂಡಿಸಿದಳು. "ಪಾಪ ಅನ್ಸುತ್ತೆ ಅಂಕಲ್. ಆದ್ರೆ ನಾವು ಕ್ಯೂನಲ್ಲಿ ನಿಂತು ಬಂದೋರು. ಅವರು ಅಸೈಲಮ್ ಕೇಳಿ ಬಂದೋರು. ನಮ್ಮನ್ನೂ ಅದೇ ಲಿಸ್ಟಿಗೆ ಸೇರಿಸಿಬಿಟ್ರೆ ಏನ್ಮಾಡೋದು?" ಅವರ ಹೆದರಿಕೆ ಸುಳ್ಳು ಎನ್ನಲಾರೆ. ಪರ್ಮಿಟ್ಟಿಗೆ ಬೇಕಾದ ಸಂಬಳದ ಮಿತಿ ಏರುತ್ತದೆ, ನಿಯಮ ಬದಲಾಗುತ್ತದೆ, ಯಾರ ನಿದ್ದೆಯೂ ನೆಟ್ಟಗಿಲ್ಲ. ಆದರೆ ಹೆದರಿಕೆಯಾಗಿದೆ ಎಂದು ಹೇಳಿ ಸುಮ್ಮನಾಗಬಹುದಿತ್ತಲ್ಲ? ನಿಮ್ಮ ಹೆಸರು ಯಾಕೆ ಬೇಕಿತ್ತು?

ನಿಮ್ಮ ಕೆಳಗಿನ ಮನೆಯ ಬಿರ್ಗಿಟ್ಟಾ ಸಿಕ್ಕಿದ್ದು ಕಟ್ಟಡದವರೆಲ್ಲ ಬಟ್ಟೆ ಒಗೆಯುವ ಕೋಣೆಯಲ್ಲಿ. ವಲಸೆ ಬಿಗಿಯಾಗಬೇಕೆಂದೇ ಓಟು ಹಾಕಿದವಳು, ಮುಚ್ಚಿಟ್ಟವಳಲ್ಲ. ನಾನೇ ಬರೆದು ಸಹಿ ಕೇಳುತ್ತಿದ್ದ ಬೆಂಬಲ ಪತ್ರವನ್ನು ನನ್ನ ಕೈಯಿಂದ ಕಿತ್ತುಕೊಂಡು ಯಂತ್ರದ ಮೇಲಿಟ್ಟು ಸಹಿ ಹಾಕಿದಳು. "ವಾಪಸ್ ಕಳಿಸಬೇಕು ಅಂದದ್ದು ಹೌದು. ನಸೀಬಾನ ಅಲ್ಲ" ಅಂದಳು. ಸಂತೋಷವಾಯಿತು, ಸಿಟ್ಟೂ ಬಂತು. ಈ ದೇಶದಲ್ಲಿ ಎಲ್ಲರಿಗೂ ಕಾನೂನು ಕಠಿಣವಾಗಬೇಕು, ತಮಗೆ ಗೊತ್ತಿರುವ ಒಬ್ಬಳ ವಿಷಯ ಬಿಟ್ಟು. ಹಾಗಾದರೆ ಯಾರಿಗೂ ಗೊತ್ತಿಲ್ಲದವರ ಗತಿ? ಆದರೂ ಬಿರ್ಗಿಟ್ಟಾ ತನಗೆ ಗೊತ್ತಿದ್ದವಳನ್ನು ಬಿಟ್ಟುಕೊಡಲಿಲ್ಲ. ನಾವು ಅಷ್ಟೂ ಮಾಡಲಿಲ್ಲ.

ಮೊನ್ನೆ ಮಂಗಳವಾರ ತೀರ್ಪು ಬಂತು. ಮೇಲ್ಮನವಿ ವಜಾ. ಮೇಲಿನ ಕೋರ್ಟಿಗೆ ಹೋಗಲು ಮೂರು ವಾರ ಇದೆ. ವಕೀಲೆ ನೇರ ಮಾತಿನ ಹೆಂಗಸು: "ಪತ್ರಗಳಿಂದ ಗೆಲ್ಲುತ್ತೇವೆ ಅಂತ ಹೇಳಲ್ಲ. ಇದ್ದರೆ ಕೊಡಿ, ಲಗತ್ತಿಸ್ತೀನಿ" ಅಂದಳು. ನಸೀಬಾ ಫೋನ್ ಮಾಡಿದವಳು ಅಳಲಿಲ್ಲ. "ನಾನಿನ್ನು ಬರಲ್ಲ ಅಂತ ನನ್ನ ಪಾಳಿಯ ಮುದುಕರಿಗೆ ಯಾರು ಹೇಳ್ತಾರೆ?" ಎಂದು ಕೇಳಿದಳು.

ಬೆಂಬಲ ಪತ್ರವನ್ನು ಮತ್ತೊಮ್ಮೆ ಕೇಳಲು ಮುಂದಿನ ಭಾನುವಾರ ವಿಶೇಷ ಸಭೆ ಕರೆಸಿದ್ದೇನೆ. ಈ ಪತ್ರವನ್ನು ಅಲ್ಲಿ ಓದುತ್ತೇನೆ. ದನಿ ಎತ್ತುವುದಿಲ್ಲ, ಇದು ನಿಮಗೆ ಕೊಡುವ ಮಾತು. ನಸೀಬಾಳನ್ನೂ ಕರೆದಿದ್ದೇನೆ, ಬರುತ್ತೇನೆ ಅಂದಿದ್ದಾಳೆ. ಇನ್ನು ಮುಂದಿನದು ನಿಮಗಲ್ಲ ಅತ್ತಿಗೆ, ಅವರಿಗೆ.

ಹರೀಶ, ದೀಪಾ, ಅವತ್ತು ಬೇಡ ಎಂದು ಕೈ ಎತ್ತಿದ ಪ್ರತಿಯೊಬ್ಬರೇ, ಸುಮಿತ್ರಕ್ಕನ ಹೆಸರನ್ನು ಪಕ್ಕಕ್ಕಿಡಿ. ನನ್ನ ಕೆಟ್ಟ ವಾಕ್ಯವನ್ನೂ ಪಕ್ಕಕ್ಕಿಡಿ. ಇಲ್ಲಿ ಕೂತಿರುವ ಈ ಹೆಂಗಸು ನಮಗೆ ರಾಜಕೀಯ ವಿಷಯವೇ? ಹೌದಾದರೆ ಎದ್ದು ನಿಂತು, ಅವಳ ಮುಖ ನೋಡಿ, ಎಲ್ಲರೆದುರು ಹೇಳಿ. ಕನ್ನಡದಲ್ಲಿ ಬೇಡ. ಅವಳಿಗೆ ಅರ್ಥವಾಗುವ ಹಾಗೆ ಸ್ವೀಡಿಷ್‌ನಲ್ಲಿ ಹೇಳಿ.